ಬಡ ಮಕ್ಕಳಿಗೆ ಊಟ, ಪುಸ್ತಕ ಕೊಡಿಸೋದು ಮೇಲಾ, ಚಿಕಿತ್ಸೆಗೆ ಸಹಾಯ ಮಾಡೋದು ಮೇಲಾ?

ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆ. ದುಡ್ಡು ಯಾವುದಕ್ಕೆ ಕೊಡಲಿ ಅಂತ ನೀವು ಕೇಳಿದ್ದೀರಿ. ಚಿಕಿತ್ಸೆಗೆ ಕೊಡಿ ಅಂತೀನಿ. ಊಟ ಬೇಕೇ ಬೇಕು, ಆದರೆ ಕಾಯಿಲೆ ಮೈಯಲ್ಲೇ ಉಳಿದ ಮಗುವಿಗೆ ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ.

ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ತಿಂದದ್ದರಲ್ಲಿ ಅದಕ್ಕೂ ಪಾಲು. ಮೇಲಿಂದ ಮೇಲೆ ಭೇದಿಯಾದರೆ ಮಗುವಿಗೆ ಹಸಿವೇ ಆಗುವುದಿಲ್ಲ, ತೂಕ ಇಳಿಯುತ್ತದೆ. ತೂಕ ಇಳಿದ ಮಗುವಿಗೆ ಮತ್ತೆ ಬೇಗ ಕಾಯಿಲೆ. ಇದಕ್ಕೆ ಬೇಕಾದ ಔಷಧ ದುಬಾರಿ ಏನಲ್ಲ. ಜಂತುಹುಳುವಿಗೆ ಅಲ್ಬೆಂಡಜೋಲ್ ಮಾತ್ರೆ, 2015ರಿಂದ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿಯಲ್ಲಿ, ಶಾಲೆಯಲ್ಲಿ ಪುಕ್ಕಟೆ ಕೊಡುತ್ತೇವೆ. ಭೇದಿಗೆ ಓಆರ್‌ಎಸ್, ಜೊತೆಗೆ 14 ದಿನ ಜಿಂಕ್ ಮಾತ್ರೆ. ಭೇದಿ ನಿಂತ ತಕ್ಷಣ ತಾಯಂದಿರು ಜಿಂಕ್ ಬಿಟ್ಟುಬಿಡುತ್ತಾರೆ. ಪೂರ್ತಿ ಕೊಟ್ಟರೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿಯಾಗುವುದು ಕಡಿಮೆ. ಅದಕ್ಕೇ ನಾನು ಮನೆಗೆ ಹೋದಾಗಲೆಲ್ಲ ಎಷ್ಟು ಮಾತ್ರೆ ಉಳಿದಿದೆ ಅಂತ ಎಣಿಸಿ ನೋಡುತ್ತೇನೆ.

ನಮ್ಮ ಅಂಗನವಾಡಿಗೆ ಒಬ್ಬ ಹುಡುಗ ಬರುತ್ತಿದ್ದ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಹಾಡು ಹೇಳಿಕೊಟ್ಟರೆ ಬಾಯಿ ಮಾತ್ರ ಆಡಿಸುತ್ತಿದ್ದ. ಮನೆಯಲ್ಲಿ ಅವನನ್ನು ಮಂದ ಅಂತಿದ್ದರು. ಕಿವಿ ಸೋರುತ್ತಿತ್ತು, ಅಜ್ಜಿ ಬಿಸಿ ಎಣ್ಣೆ ಬಿಟ್ಟು ಹತ್ತಿ ತುರುಕುತ್ತಿದ್ದರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವರ್ಷಕ್ಕೆ ಎರಡು ಸಲ ಅಂಗನವಾಡಿ ಮಕ್ಕಳ ತಪಾಸಣೆ ಇರುತ್ತದೆ. ಆಗ ಬಂದ ಡಾಕ್ಟರು ಹತ್ತಿ ತೆಗೆದು ಬ್ಯಾಟರಿ ಹಾಕಿ ನೋಡಿದರು, ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದರು. ಕಿವಿ ಒಣಗಿದ ಮೇಲೆ ನಾನು ಹಾಡು ಶುರು ಮಾಡುವ ಮೊದಲೇ ಅವನೇ ಶುರು ಮಾಡುತ್ತಿದ್ದ. ಕಿವಿ ಕೇಳಿಸದೆ ಒಂದನೇ ಕ್ಲಾಸಿಗೆ ಹೋಗಿದ್ದರೆ ಪುಸ್ತಕ, ಬ್ಯಾಗು ಕೊಡಿಸಿ ಏನು ಬಂತು, ಅಲ್ವಾ?

ಚೀಟಿ ಸಿಕ್ಕ ಮೇಲೆ ಹೋಗುವುದೇ ದೊಡ್ಡ ಕಷ್ಟ. ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರಿಗೆ ಬಸ್ ಚಾರ್ಜು ಉಳಿಯಿತು. ಆದರೆ ಹತ್ತಿ ಬಿಡಿಸುವ ಕಾಲದಲ್ಲಿ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ತೋಳಿಗೆ ಪಟ್ಟಿ ಸುತ್ತಿದಾಗ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಮಗು ಕೆಂಪು ಗುರುತಿಗೆ ಬಿತ್ತು, ಅಂದರೆ ತೀವ್ರ ಅಪೌಷ್ಟಿಕತೆ ಅಂತ ಲೆಕ್ಕ. ಅಂಥ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದರೆ ತಾಯಿ ಸುಮಾರು 14 ದಿನ ಜೊತೆಗಿರಬೇಕು. ಅಲ್ಲಿ ಊಟ, ಔಷಧ ಎಲ್ಲ ಉಚಿತ, ಹೋದ ಕೂಲಿಗೆ ತಾಯಿಗೆ ಸ್ವಲ್ಪ ಹಣವನ್ನೂ ಕೊಡುತ್ತಾರೆ. ಆದರೂ ಹೊರಡುವುದಿಲ್ಲ. ಮನೆಯಲ್ಲಿ ಇನ್ನೆರಡು ಮಕ್ಕಳು, ಒಂದು ಎಮ್ಮೆ, ಯಾರು ನೋಡಬೇಕು? ಒಬ್ಬ ತಾಯಿಗೆ ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಪಕ್ಕದ ಮನೆಯ ಅತ್ತೆ, ‘ಹುಡುಗರಿಗೆ ನಾನು ರೊಟ್ಟಿ ಹಾಕ್ತೀನಿ, ನೀ ಹೋಗವ್ವ’ ಅಂದ ಮೇಲೇ ಚೀಲ ಕಟ್ಟಿದಳು. ಅವಳನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಸುಮ್ನೆ ಔಷಧ ತಂದು ಹಂಚಬೇಡಿ. ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಚೀಟಿ ಬರೆದುಕೊಟ್ಟರೂ ದೊಡ್ಡ ಆಸ್ಪತ್ರೆಗೆ ಹೋಗದೆ ಉಳಿದ ಮಕ್ಕಳಿಗೆ ಏನು ಅಡ್ಡಿಯಾಗಿದೆ ಅಂತ ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ತಾಯಿಯ ಕೂಲಿ, ರಾತ್ರಿ ವಾಪಸ್ ಬರಲು ಆಟೋ, ಮನೆಯಲ್ಲಿ ಉಳಿದ ಮಕ್ಕಳ ಊಟ, ಇಂಥವೇ ಹೇಳುತ್ತಾರೆ. ನಿಮ್ಮ ದುಡ್ಡನ್ನು ಅದಕ್ಕೆ ಕೊಡಿ. ಒಂದು ಸಲ ಕೊಟ್ಟು ಬಿಡಬೇಡಿ, ಡಾಕ್ಟರು ಮತ್ತೆ ಬರಲು ಹೇಳಿದ ದಿನಕ್ಕೂ ಸ್ವಲ್ಪ ಎತ್ತಿಡಿ.