ಹಿಡಿದು ಕೂರಿಸಿದರೆ ಮುಗಿಯಿತೇ?

ಪತ್ರ: ನನ್ನ ಮಗನಿಗೆ 4 ವರ್ಷ. ದವಡೆಯ ನಾಲ್ಕು ಹಲ್ಲಿಗೆ ಹುಳ ಬಿದ್ದಿದೆ. ಡಾಕ್ಟರ ಕುರ್ಚಿ ಕಂಡರೆ ಸಾಕು, ಕಿರುಚುತ್ತಾನೆ. ಮಂಪರು ಕೊಟ್ಟು ಒಂದೇ ಸಲ ಎಲ್ಲ ಮುಗಿಸೋಣ ಅನ್ನುತ್ತಾರೆ ಮಂಗಳೂರಿನ ಡಾಕ್ಟರು. "ಬೀಳುವ ಹಲ್ಲಿಗೆ ಮದ್ದು ಕೊಟ್ಟು ಮಲಗಿಸುವುದು ಯಾಕೆ? ಗಟ್ಟಿ ಹಿಡ್ಕೊಂಡ್ರೆ ಐದು ನಿಮಿಷದ ಕೆಲಸ" ಅನ್ನುತ್ತಾರೆ ಅತ್ತೆ. ರಾತ್ರಿ ಸಕ್ಕರೆ ಹಾಲಿನ ಬಾಟಲಿ ಇಲ್ಲದೆ ಮಗ ಮಲಗುವುದೂ ಇಲ್ಲ. ಏನು ಮಾಡಲಿ?
— ಓದುಗಿ, ಬ್ರಹ್ಮಾವರ

ಉತ್ತರ: ಅತ್ತೆಯವರ ಹೆದರಿಕೆ ಸುಳ್ಳಲ್ಲ. ಮಂಪರು ಹೆಚ್ಚಾದರೆ ಉಸಿರಾಟಕ್ಕೆ ತೊಂದರೆ ಆಗಬಹುದು. ಅಷ್ಟು ಒಪ್ಪುತ್ತೇನೆ. ಆದರೆ "ಗಟ್ಟಿ ಹಿಡ್ಕೊಂಡ್ರೆ" ಅನ್ನುವ ಮಾತು ಇದೆಯಲ್ಲ, ಅದನ್ನು ಓದಿ ಸುಮ್ನೆ ಕೂರಲು ನನ್ನಿಂದಾಗಲಿಲ್ಲ.

ಹಾಗೆ ಹಿಡಿದದ್ದನ್ನು ನಾನು ನೋಡಿದ್ದೇನೆ. ನೆರೆಮನೆಯ ಹುಡುಗಿ. ಅಪ್ಪ ಕಾಲು ಹಿಡಿದಿದ್ದರು, ಚಿಕ್ಕಮ್ಮ ತಲೆ, ಕಂಪೌಂಡರ್ ಎರಡೂ ಕೈ. ಹಲ್ಲು ಕಿತ್ತು ಬಂತು. ಹೊರಗೆ ಬಂದ ಮೇಲೆ ಅಪ್ಪನ ಸ್ಕೂಟರ್ ಹತ್ತಲು ಆ ಮಗು ಒಪ್ಪಲಿಲ್ಲ. ಈಗ ಕಾಲೇಜಿಗೆ ಹೋಗುತ್ತಾಳೆ. ಹಲ್ಲು ನೋವು ಬಂದರೆ ಮಾತ್ರೆ ನುಂಗಿ ಒಂದೇ ಬದಿಯಲ್ಲಿ ಅಗಿಯುತ್ತಾಳೆಯೇ ಹೊರತು ಡಾಕ್ಟರ ಹತ್ತಿರ ಹೋಗುವುದಿಲ್ಲ.

ಇನ್ನು ಬೀಳುವ ಹಲ್ಲಿನ ಮಾತು. ಮುಂದಿನ ಹಲ್ಲು ಬೇಗ ಬೀಳುತ್ತವೆ, ಸರಿ. ದವಡೆಯ ಹಾಲುಹಲ್ಲು ಬೀಳಲು ಮಗುವಿಗೆ 9–12 ವರ್ಷ ವಯಸ್ಸಾಗಬೇಕು. ಅಲ್ಲಿಯವರೆಗೆ ಹುಡುಗ ಅನ್ನ ಅಗಿಯುವುದು ಬೇಡ್ವಾ? ಕೀವು ತುಂಬಿದರೆ ಕೆಳಗೆ ಬೆಳೆಯುತ್ತಿರುವ ಹಲ್ಲಿಗೂ ಪೆಟ್ಟು.

ಮಂಪರಿನಲ್ಲೂ ಬಗೆಗಳಿವೆ. ಹಗುರವಾದದ್ದು ನೈಟ್ರಸ್ ಆಕ್ಸೈಡ್ ಎಂಬ ಅನಿಲ. 1844ರಲ್ಲಿ ಹೊರೇಸ್ ವೆಲ್ಸ್ ಎಂಬ ಅಮೆರಿಕದ ದಂತವೈದ್ಯ ಅದನ್ನು ತಾನೇ ಉಸಿರಾಡಿ ತನ್ನ ಹಲ್ಲು ಕೀಳಿಸಿಕೊಂಡಿದ್ದ. ಮೂಗಿಗೆ ಮಾಸ್ಕ್ ಇಡುತ್ತಾರೆ, ಮಗು ಎಚ್ಚರವಾಗಿಯೇ ಇರುತ್ತದೆ. ಆದರೆ ಕಿರುಚುವ ಮಗು ಮಾಸ್ಕ್ ಇಡಲು ಬಿಡಬೇಕಲ್ಲ! ಬಾಯಿಗೆ ಕೊಡುವ ಮಿಡಜೋಲಮ್ ಎಂಬ ಮಂಪರಿನ ಮದ್ದು ಇದೆ. ನಾಲ್ಕು ಹಲ್ಲು ಒಟ್ಟಿಗೆ ಅಂದರೆ ಪೂರ್ತಿ ಎಚ್ಚರ ತಪ್ಪಿಸುವ ಅನಸ್ತೇಷಿಯಾ ಬೇಕಾಗಬಹುದು. ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಎಚ್ಚರಿಸಿದ್ದು 3 ವರ್ಷದೊಳಗಿನ ಮಕ್ಕಳಿಗೆ 3 ಗಂಟೆಗಿಂತ ಜಾಸ್ತಿ ಹೊತ್ತು ಅಥವಾ ಮತ್ತೆ ಮತ್ತೆ ಅನಸ್ತೇಷಿಯಾ ಕೊಡುವ ಬಗ್ಗೆ. ನಿಮ್ಮ ಮಗ ಆ ವಯಸ್ಸು ದಾಟಿದ್ದಾನೆ.

ಕೇಳಬೇಕಾದ್ದನ್ನು ಕೇಳಿ. ಹಲ್ಲು ಕೊರೆಯುವವರಲ್ಲದೆ ಉಸಿರು ನೋಡಿಕೊಳ್ಳಲು ಬೇರೆ ಯಾರಿದ್ದಾರೆ? ಅನಸ್ತೇಷಿಯಾ ಆದರೆ ಅದರ ಡಾಕ್ಟರು ಇರುತ್ತಾರಾ? ಶೀತ, ಗೊರಕೆ ಇದ್ದರೆ ಮೊದಲೇ ಹೇಳಿ. ಮಂಪರು ಕೊಡುವ ಹೊತ್ತಿಗೆ ಸಾಮಾನ್ಯವಾಗಿ ಊಟ, ಹಸುವಿನ ಹಾಲು ನಿಲ್ಲಿಸಿ 6 ಗಂಟೆ ಆಗಿರಬೇಕು, ನೀರು ನಿಲ್ಲಿಸಿ 2 ಗಂಟೆ. ಪಾಪ ಅಂತ ಅಜ್ಜಿ ಕದ್ದು ಬಿಸ್ಕತ್ತು ಕೊಟ್ಟರೆ ಮುಚ್ಚಿಡಬೇಡಿ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಹುಳುಕು ಆಳಕ್ಕೆ ಹೋಗದ ಹಲ್ಲಿದ್ದರೆ ಹುಳುಕು ತಡೆಯುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ಮದ್ದು ಹಚ್ಚಬಹುದಾ, ಅದನ್ನೂ ವಿಚಾರಿಸಿ. ಕೊರೆಯುವುದಿಲ್ಲ, ಸೂಜಿ ಇಲ್ಲ. ಹುಳುಕು ಕಪ್ಪಾಗುತ್ತದೆ, ಅಷ್ಟೆ. ನೆಂಟರು ಏನಾದರೂ ಅನ್ನಲಿ ಬಿಡಿ.

ನಮ್ಮೂರಿನವರಿಗೆ ಮಕ್ಕಳನ್ನು ಹಿಡಿಯುವುದೇ ಅಭ್ಯಾಸ. ಕಿವಿ ಚುಚ್ಚಲು ಹಿಡಿ, ತಲೆ ಬೋಳಿಸಲು ಹಿಡಿ, ಮೂಗು ಮುಚ್ಚಿ ಕಷಾಯ ಕುಡಿಸು. ಅತ್ತರೆ "ಹಠಮಾರಿ". ಮಣಿಪಾಲ, ಮಂಗಳೂರು, ದೇರಳಕಟ್ಟೆಯಲ್ಲಿ ದಂತ ಕಾಲೇಜುಗಳಿವೆ, ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಇದೆ. ಆದರೂ ಹೋಗುವುದು ಕೆನ್ನೆ ಊದಿ ರಾತ್ರಿ ನಿದ್ದೆಗೆಟ್ಟ ಮೇಲೆ.

ನಿಮಗೂ ಒಂದು ಮಾತು, ಬೇಸರ ಮಾಡ್ಕೋಬೇಡಿ. ಆ ಬಾಟಲಿ ನಿಲ್ಲದಿದ್ದರೆ ವಾಸಿಯಾದ ಬಾಯಿ ಮತ್ತೆ ಹಾಳಾಗುತ್ತದೆ. ಮಲಗುವ ಮುಂಚೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ನೀವೇ ಹಲ್ಲುಜ್ಜಿ. ಆಮೇಲೆ ಬರೀ ನೀರು. ಕೆಲವು ರಾತ್ರಿ ಅತ್ತಾನು. ಆಗ ಅತ್ತೆಯವರ ಪಕ್ಕ ಮಲಗಿಸಿ.

— ಸಂ.