ವೃದ್ಧಾಶ್ರಮದಲ್ಲಿ ಕೇಕು, ಮಗಳದ್ದು ಸಪ್ಪೆ ಮುಖ

ಪ್ರಶ್ನೆ: ಮಗಳು ಏಳನೇ ತರಗತಿ, ಮಗ ಮೂರನೇ ತರಗತಿ. ಬೇರೆಯವರಿಗೆ ಸಹಾಯ ಮಾಡುವ ಬುದ್ಧಿ ಬರಲಿ ಅಂತ ಮಗಳ ಹುಟ್ಟುಹಬ್ಬವನ್ನು ಒಂದು ವೃದ್ಧಾಶ್ರಮದಲ್ಲಿ ಮಾಡಿದೆವು. ಕೇಕು ಕತ್ತರಿಸಿ, ಹಣ್ಣು ಹಂಚಿ, ಫೋಟೊ ತೆಗೆಸಿಕೊಂಡು ಬಂದೆವು. ಅವಳು ಪೂರ್ತಿ ಹೊತ್ತು ಮುಖ ಸಪ್ಪೆ ಮಾಡಿಕೊಂಡಿದ್ದಳು. ಇನ್ನೊಂದು ಸಲ ಬರಲ್ಲ ಅಂತಾಳೆ. ಬಲವಂತ ಮಾಡಬೇಕಾ?
– ಒಬ್ಬ ತಾಯಿ, ತಿಪಟೂರು ತಾಲ್ಲೂಕು

ಉತ್ತರ: ಬೇಡಮ್ಮ. ಅವಳ ಜಾಗದಲ್ಲಿ ನಾನಿದ್ದರೂ ಮುಖ ಹಾಗೇ ಇರುತ್ತಿತ್ತು. ಅಲ್ಲಿ ಅವಳಿಗೆ ಏನು ಕೆಲಸ ಇತ್ತು ಹೇಳಿ? ಹಣ್ಣಿನ ಬುಟ್ಟಿ ಹಿಡಿದು ನಿಲ್ಲೋದು, ಕ್ಯಾಮೆರಾ ನೋಡೋದು. ಆ ಅಜ್ಜಿ ತಾತಂದಿರಿಗೂ ಅಷ್ಟೇ, ಗುರುತಿಲ್ಲದ ಮಗುವಿಗೆ ಚಪ್ಪಾಳೆ ತಟ್ಟಬೇಕು, ಸಕ್ಕರೆ ಕಾಯಿಲೆ ಇದ್ದರೂ ಕೇಕು ಬೇಡ ಅನ್ನೋಕೆ ಸಂಕೋಚ.

ಅವಳು ಒಂದು ದಿನ ಬಾರದಿದ್ದರೆ "ಎಲ್ಲಿ, ಹುಡುಗಿ ಬರಲಿಲ್ಲ?" ಅಂತ ಯಾರಾದರೂ ಕೇಳಬೇಕು, ಅಂಥ ಕೆಲಸ ಕೊಡಿ. ನಿಮ್ಮ ಪಂಚಾಯಿತಿ ಲೈಬ್ರರಿ ಇದೆಯಲ್ಲ, ಈಗ ಅರಿವು ಕೇಂದ್ರ ಅಂತಾರೆ. 2020ರಲ್ಲಿ 'ಓದುವ ಬೆಳಕು' ಅನ್ನುವ ಸರ್ಕಾರಿ ಕಾರ್ಯಕ್ರಮ ಶುರುವಾದಾಗಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ಅಲ್ಲಿಗೆ ಬರುವ ಚಿಕ್ಕವರಲ್ಲಿ ಅಕ್ಷರ ಕೂಡಿಸಿ ಓದಲು ತಿಣುಕುವವರು ಇದ್ದೇ ಇರುತ್ತಾರೆ. ಮೇಲ್ವಿಚಾರಕರನ್ನು ಕೇಳಿ, ಶನಿವಾರ ಒಂದು ಗಂಟೆ ಇಬ್ಬರು ಮೂವರಿಗೆ ಅವಳು ಕತೆ ಓದಿ ಹೇಳಲಿ. ನಾಲ್ಕನೇ ವಾರಕ್ಕೆ ಬೇಜಾರು ಅಂತಾಳೆ, ಅದು ಇದ್ದದ್ದೇ. ಆಗ ಬೈಯಬೇಡಿ, ಚಿಕ್ಕವರು ಕಾಯುತ್ತಿರುತ್ತಾರೆ ಅಂತ ಮಾತ್ರ ಹೇಳಿ ಸುಮ್ನಿರಿ.

ಇನ್ನೆರಡು ವರ್ಷ ಕಳೆದರೆ ಅವಳು ಕಣ್ಣು ಕಾಣದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರೀಕ್ಷೆಯಲ್ಲಿ ಲಿಪಿಕಾರಳಾಗಿ ಕೂರಬಹುದು. ಪರೀಕ್ಷೆ ಕಟ್ಟಿದವರಿಗಿಂತ ಕೆಳಗಿನ ತರಗತಿಯವರೇ ಬರೆಯಬೇಕು ಅನ್ನುವ ನಿಯಮ ಇರುವುದರಿಂದ ಅದಕ್ಕೆ ದೊಡ್ಡವರು ಆಗೋದೇ ಇಲ್ಲ, ಮಕ್ಕಳೇ ಬೇಕು. ಅವರು ಹೇಳಿದ್ದನ್ನಷ್ಟೇ ಬರೆಯಬೇಕು, ತನಗೆ ಸರಿ ಉತ್ತರ ಗೊತ್ತಿದ್ದರೂ ಬಾಯಿ ಬಿಡುವಂತಿಲ್ಲ. ಕಷ್ಟದ ಕೆಲಸ ಅಲ್ವಾ?

ಮಗ ಇನ್ನೂ ಚಿಕ್ಕವನು. ದೇವಸ್ಥಾನದಲ್ಲೋ ಮಠದಲ್ಲೋ ದಾಸೋಹ ಇದ್ದಾಗ ಪಂಕ್ತಿಯಲ್ಲಿ ಉಪ್ಪು, ನೀರು ಬಡಿಸಲಿ. ಸಾರಿನ ಬಕೆಟ್ಟಿನ ಹತ್ತಿರ ಬಿಡಬೇಡಿ. ನೀವೂ ಸೆರಗು ಕಟ್ಟಿ ಎಲೆ ಎತ್ತಿ. ನೀವು ಕುರ್ಚಿ ಮೇಲೆ ಕೂತು ಅವನನ್ನು ಓಡಾಡಿಸಿದರೆ ಎರಡನೇ ಸಲ ಅವನು ಬರಲ್ಲ.

ವೃದ್ಧಾಶ್ರಮಕ್ಕೂ ಮತ್ತೆ ಹೋಗಬಹುದು, ಹುಟ್ಟುಹಬ್ಬದ ದಿನ ಬೇಡ. ಮೊದಲೇ ಫೋನ್ ಮಾಡಿ ಏನು ಬೇಕು ಕೇಳಿ. ಪೇಪರ್ ಓದಿ ಹೇಳುವವರು ಬೇಕು ಅನ್ನಬಹುದು, ಚೌಕಾಬಾರಕ್ಕೆ ಜೊತೆ ಬೇಕು ಅನ್ನಬಹುದು. ಚೌಕಾಬಾರ ಅಂದರೆ ಮಗನನ್ನೂ ಕರೆದುಕೊಂಡು ಹೋಗಿ. ಕವಡೆ ಮರೆಯಬೇಡಿ, ಮೊಬೈಲ್ ಬ್ಯಾಗಲ್ಲೇ ಇರಲಿ.