ಹೊಸ ಶಾಲೆಯ ನಕ್ಷೆಯಲ್ಲಿ ಕನ್ನಡದ ಕೋಣೆ ಎಲ್ಲಿದೆ?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಓದುಗರೊಬ್ಬರ ಪತ್ರದ ಸಾರ ಇಷ್ಟು: "ನಮ್ಮ ಗ್ರಾಮ ಪಂಚಾಯತು ತನ್ನ ಶಾಲಾ ಕಟ್ಟಡಗಳ ಮುಂದಿನ ಗತಿ ಏನೆಂದು ಯೋಜನೆ ಹಾಕುತ್ತಿದೆ. ನಾವು ಕಲಿತ ಸರಕಾರಿ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಹಂಚಿನ ಕಟ್ಟಡ ಕೆಡವಿ ಎರಡು ಮಾಳಿಗೆಯ ಕಾಂಕ್ರೀಟ್ ಕಟ್ಟಡ ಕಟ್ಟುತ್ತಾರಂತೆ. ಕೆಲಸ ಮುಗಿಯುವ ತನಕ ಮಕ್ಕಳನ್ನು ಬೇರೆ ಶಾಲೆಗೆ ಕಳಿಸುವ ಮಾತಿದೆ. ಕನ್ನಡ ವಿಭಾಗದಲ್ಲಿ ಈಗಲೇ ಮಕ್ಕಳು ಕಡಿಮೆ. ಹಳೆ ವಿದ್ಯಾರ್ಥಿಗಳು ಸೇರಿ ಕಟ್ಟಡ ಉಳಿಸುವ ಹೋರಾಟಕ್ಕೆ ಇಳಿಯುತ್ತಿದ್ದೇವೆ. ಪತ್ರಿಕೆಯ ಬೆಂಬಲ ಸಿಗುತ್ತದೆಯೇ?"

ಪ್ರಿಯ ಓದುಗರೇ,

ಬೆಂಬಲ ಖಂಡಿತ ಇದೆ. ಆದರೆ ಕಟ್ಟಡ ಉಳಿಸಿ ಎನ್ನುವ ಬೇಡಿಕೆಗೆ ಅಲ್ಲ. ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋದ ಕನ್ನಡ ವಿಭಾಗಕ್ಕೆ.

ಆ ಹಂಚಿನ ಮಾಡಿನ ಮೇಲೆ ನಿಮಗಿರುವ ಪ್ರೀತಿ ನನಗೆ ಅರ್ಥವಾಗುತ್ತದೆ. ನಮ್ಮ ಕಡೆಯ ಹಳೆ ಶಾಲೆಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ ಅಲ್ವಾ? ಕೆಂಪುಕಲ್ಲಿನ ಗೋಡೆ, ಉದ್ದಕ್ಕೆ ಒಂದೇ ಹಾಲ್, ನಡುವೆ ಮರದ ತಟ್ಟಿ. ತಟ್ಟಿಯ ಈಚೆ ಕನ್ನಡದ ಎರಡನೇ ಕ್ಲಾಸು, ಆಚೆ ಮಲಯಾಳದ ಮೂರನೇ ಕ್ಲಾಸು. ಈಚೆಯವರ ಮಗ್ಗಿ ಆಚೆಯವರಿಗೆ ಬಾಯಿಪಾಠ, ಆಚೆಯವರ ಪದ್ಯ ಈಚೆಯವರಿಗೆ. ಇಲ್ಲಿನ ಮಕ್ಕಳು ಎರಡು ಭಾಷೆ ಕಲಿತದ್ದು ಎಷ್ಟೋ ಸಲ ಹೀಗೆಯೇ.

ಆದರೆ ಮಾಡಿನ ಒಳಗೆ ಹೋಗಿ ನೋಡಿ. ಹಂಚು ನೂರು ವರ್ಷ ಬಾಳಬಹುದು, ಅದನ್ನು ಹೊತ್ತ ಮರ ಬಾಳಬೇಕಲ್ಲ. ಒಂದು ಹಂಚು ಒಡೆದು ಎರಡು ಮಳೆಗಾಲ ಯಾರೂ ನೋಡದಿದ್ದರೆ ಪಕ್ಕಾಸಿನ (ಹಂಚು ಹೊರುವ ಇಳಿಜಾರಿನ ಮರದ) ತುದಿ, ಅದು ಗೋಡೆಯ ಮೇಲೆ ಕೂರುವ ಜಾಗದಲ್ಲೇ, ಕುಂಬಾಗುತ್ತದೆ. ಕೆಳಗಿನಿಂದ ಕಾಣುವುದಿಲ್ಲ. ಬೆರಳಲ್ಲಿ ಒತ್ತಿದರೆ ಹುಡಿ ಉದುರುತ್ತದೆ. ಸಾರಣೆ ಹೋದ ಕೆಂಪುಕಲ್ಲು ನೀರು ಕುಡಿಯುತ್ತಲೇ ಇರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರಿದು. ಆ ಮಾಡಿನ ಅಡಿಯಲ್ಲಿ ಆರು ವರ್ಷದ ಮಕ್ಕಳು ಕೂರುತ್ತಾರೆ. ಕಟ್ಟಡ ಅಪಾಯದಲ್ಲಿದೆ ಎಂದಾದರೆ ಅದು ಹೋಗಲಿ. ನಮ್ಮ ನೆನಪಿಗಾಗಿ ಮಕ್ಕಳ ತಲೆಯನ್ನು ಒತ್ತೆ ಇಡುವುದು ಬೇಡ.

ಅಪಾಯದಲ್ಲಿದೆಯೋ ಇಲ್ಲವೋ ಎಂದು ಮೊದಲು ತಿಳಿದುಕೊಳ್ಳಿ. ಕೇರಳದಲ್ಲಿ ಶಾಲೆ ತೆರೆಯುವ ಮೊದಲು ಪ್ರತಿ ವರ್ಷ ಸ್ಥಳೀಯಾಡಳಿತದ ಎಂಜಿನಿಯರಿಂಗ್ ವಿಭಾಗದಿಂದ ಕಟ್ಟಡಕ್ಕೆ ಫಿಟ್‌ನೆಸ್ ಸರ್ಟಿಫಿಕೇಟ್ ಪಡೆಯಬೇಕು. ಕಳೆದ ವರ್ಷಗಳ ಸರ್ಟಿಫಿಕೇಟುಗಳನ್ನೂ ಎಂಜಿನಿಯರರು ಬರೆದ ವರದಿಯನ್ನೂ ಕೇಳಿ. ಸುಮ್ನೆ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಮಾಡು ಬದಲಿಸಿದರೆ ಸಾಕು ಎಂದು ವರದಿ ಹೇಳಿದರೆ ಏಪ್ರಿಲ್–ಮೇ ರಜೆಯಲ್ಲೇ ಆ ಕೆಲಸ ಮುಗಿಸಬಹುದು. ಆಗ ನಿಮ್ಮ ಕಟ್ಟಡವೂ ಉಳಿಯಿತು.

ನನ್ನ ನಿಜವಾದ ಭಯ ಇರುವುದು "ಕೆಲಸ ಮುಗಿಯುವ ತನಕ ಬೇರೆ ಶಾಲೆ" ಎನ್ನುವ ಮಾತಿನ ಮೇಲೆ. ಕೇಳಲು ಸಣ್ಣದು, ಆದರೆ ಕನ್ನಡ ವಿಭಾಗ ಮುಳುಗುವುದು ಇಲ್ಲಿಯೇ. ನಮ್ಮಲ್ಲಿ ಅಧ್ಯಾಪಕರ ಹುದ್ದೆ ನಿಂತಿರುವುದು ಆರನೇ ಕೆಲಸದ ದಿನದ ಲೆಕ್ಕದ ಮೇಲೆ. ಜೂನ್‌ನಲ್ಲಿ ಶಾಲೆ ಶುರುವಾಗಿ ಆರನೇ ದಿನ ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸುತ್ತಾರೆ. ಆ ವರ್ಷ ಶಾಲೆ ಎರಡು ಕಿಲೋಮೀಟರ್ ಆಚೆ ಹೋಗಿದೆ ಎಂದು ಇಟ್ಟುಕೊಳ್ಳಿ. ಒಂದನೇ ಕ್ಲಾಸಿನ ಮಗುವನ್ನು ಮಳೆಯಲ್ಲಿ, ತೋಡು ದಾಟಿಸಿ ಅಷ್ಟು ದೂರ ಯಾರು ಕಳಿಸುತ್ತಾರೆ? ಮನೆ ಬಾಗಿಲಿಗೆ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಬರುತ್ತದೆ. ಟಿಸಿ ತೆಗೆದುಕೊಂಡು ಹೋದ ಮಗು ಹೊಸ ಕಟ್ಟಡ ಉದ್ಘಾಟನೆಯಾದ ಮೇಲೆ ವಾಪಸು ಬರುತ್ತದೆ ಎಂದು ನಂಬುವುದು ಕಷ್ಟ. ಎಣಿಕೆ ಇಳಿದರೆ ಹುದ್ದೆ ಹೋಗುತ್ತದೆ, ಕನ್ನಡ ಟೀಚರು ಇನ್ನೊಂದು ಶಾಲೆಗೆ ಹೋಗುತ್ತಾರೆ. ಮುಂದೆ ಹುದ್ದೆ ವಾಪಸು ಸಿಕ್ಕಿದರೂ ಕನ್ನಡ ಬಲ್ಲವರೇ ಬರುತ್ತಾರೆ ಎಂಬ ಧೈರ್ಯವಿಲ್ಲ. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ಹಾಕಿದ್ದಕ್ಕೆ ಈ ಜಿಲ್ಲೆಯಲ್ಲಿ ಹೆತ್ತವರು ಎಷ್ಟು ಸಲ ಬೀದಿಗೆ ಇಳಿದಿದ್ದಾರೆ ಎಂದು ನಿಮಗೇ ಗೊತ್ತು.

ಹಾಗಾಗಿ ನಿಮ್ಮ ಮೊದಲ ಬೇಡಿಕೆ ಇದಾಗಲಿ: ಹೊಸದನ್ನು ಅದೇ ಹಿತ್ತಿಲಿನ ಇನ್ನೊಂದು ಮೂಲೆಯಲ್ಲಿ ಕಟ್ಟಿ, ಮಕ್ಕಳು ಅಲ್ಲಿಗೆ ಹೋದ ಮೇಲೆ ಹಳೆಯದನ್ನು ಕೆಡವಿ. ಹಳೆ ಕಟ್ಟಡದಲ್ಲಿ ಅಷ್ಟರವರೆಗೂ ಕೂರಿಸಲಾಗದಿದ್ದರೆ ಹತ್ತಿರದಲ್ಲೇ ಬೇರೆ ಜಾಗ ಕೊಡಲಿ. ಕೇರಳದ ಶಿಕ್ಷಣ ಹಕ್ಕು ನಿಯಮಗಳ ಪ್ರಕಾರ ಚಿಕ್ಕ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಊರಿನ ಭಜನಾ ಮಂದಿರವೋ ಕ್ಲಬ್ಬಿನ ಕಟ್ಟಡವೋ ಆದೀತು. ಹಳೆ ವಿದ್ಯಾರ್ಥಿಗಳು ನಿಜವಾಗಿ ಕೈಹಾಕಬಹುದಾದ ಕೆಲಸ ಇದು.

ಎರಡನೆಯದು ನಕ್ಷೆ. ಇವತ್ತಿನ ಒಟ್ಟು ಮಕ್ಕಳ ಸಂಖ್ಯೆಯನ್ನು ಭಾಗಿಸಿ ಕೋಣೆ ಲೆಕ್ಕ ಹಾಕಿದರೆ ಎರಡು ಮಾಧ್ಯಮದ ಶಾಲೆಗೆ ಕೋಣೆ ಸಾಲುವುದಿಲ್ಲ. ಒಂಬತ್ತು ಮಕ್ಕಳ ಕನ್ನಡ ಕ್ಲಾಸು ಆಗ ವರಾಂಡಕ್ಕೋ ಸ್ಟೇಜಿಗೋ ಹೋಗುತ್ತದೆ. ಪ್ರತಿ ತರಗತಿಯ ಕನ್ನಡ ಡಿವಿಜನ್‌ಗೆ ಯಾವ ಕೋಣೆ ಎಂದು ನಕ್ಷೆಯಲ್ಲೇ ಬರೆಯಿಸಿ. ಚಿಕ್ಕವರ ಕೋಣೆ ಕೆಳಗೇ ಇರಲಿ.

"ಇಷ್ಟು ಕಡಿಮೆ ಮಕ್ಕಳಿಗೆ ಪ್ರತ್ಯೇಕ ಕೋಣೆಯೇ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ರಾಜ್ಯಗಳ ಶಿಕ್ಷಣ ಮಂತ್ರಿಗಳು 1949ರಲ್ಲೇ ಒಂದು ಅಳತೆ ಒಪ್ಪಿದ್ದರು: ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡು ಮಾಡಬೇಕು. 1956ರಲ್ಲಿ ನಾವು ಕೇರಳಕ್ಕೆ ಸೇರಿದಾಗ ಸಂವಿಧಾನಕ್ಕೆ 350ಎ ವಿಧಿ ಬಂತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಬೇಕು ಎನ್ನುತ್ತದೆ ಅದು. ಅಲ್ಲಿ ಸಂಖ್ಯೆಯ ಷರತ್ತೇ ಇಲ್ಲ. ಈ ಎರಡನ್ನೂ ಅರ್ಜಿಯಲ್ಲಿ ಬರೆಯಿರಿ.

ಅರ್ಜಿ ಕನ್ನಡದಲ್ಲೇ ಇರಲಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು.

ಇದನ್ನೆಲ್ಲ ಹೇಳಬೇಕಾದ ಜಾಗ ಗ್ರಾಮಸಭೆ. ಜನಕೀಯಾಸೂತ್ರಣದ (ಕೇರಳದ ಜನತಾ ಯೋಜನೆಯ) ಕಾಲದಿಂದ ಸರಕಾರಿ ಎಲ್‌ಪಿ, ಯುಪಿ (ಹಿರಿಯ ಪ್ರಾಥಮಿಕ) ಶಾಲೆಗಳ ಹೊಣೆ ಗ್ರಾಮ ಪಂಚಾಯತಿನದ್ದು, ಹೈಸ್ಕೂಲುಗಳದ್ದು ಜಿಲ್ಲಾ ಪಂಚಾಯತಿನದ್ದು. (ಏಡೆಡ್, ಅಂದರೆ ಸರಕಾರದ ಅನುದಾನ ಪಡೆಯುವ ಖಾಸಗಿ ಶಾಲೆಯ ಕಟ್ಟಡ ಮ್ಯಾನೇಜರರದ್ದು, ಆ ಕಥೆ ಬೇರೆ.) ವಾರ್ಡಿನ ಗ್ರಾಮಸಭೆಗೆ ಮತದಾರರಲ್ಲಿ ಶೇಕಡಾ 10 ಮಂದಿಯ ಕೋರಂ ಬೇಕು. ಫಲಾನುಭವಿ ಪಟ್ಟಿ ಓದುವ ದಿನ ಜನ ತುಂಬುತ್ತಾರೆ, ಶಾಲೆಯ ವಿಷಯ ಬರುವ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ. ನೀವು ಕೂತಿರಿ. ಹೆತ್ತವರನ್ನು, ಅದರಲ್ಲೂ ತಾಯಂದಿರನ್ನು ಕರೆದುಕೊಂಡು ಹೋಗಿ. ಮಲಯಾಳ ವಿಭಾಗದ ಹೆತ್ತವರನ್ನೂ ಕರೆಯಿರಿ. ಶಾಲೆ ದೂರ ಹೋದರೆ ಅವರ ಮಕ್ಕಳಿಗೂ ಅದೇ ಕಷ್ಟ, ಅವರು ನಿಮ್ಮ ಜೊತೆ ನಿಲ್ಲುತ್ತಾರೆ. ಹೇಳಿದ್ದು ಮಿನಿಟ್ಸ್‌ನಲ್ಲಿ ಬರೆದಿದೆಯೇ ಎಂದು ಅಲ್ಲಿಯೇ ಓದಿಸಿ ಕೇಳಿ. ಮಿನಿಟ್ಸ್‌ಗೆ ಬಾರದ ಮಾತನ್ನು ಯೋಜನೆ ತಯಾರಿಸುವಾಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಕ್ಷೆಯ ಒಂದು ನಕಲು ಸಿಕ್ಕಿದರೆ ನಮಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೋಣೆಗಳ ಲೆಕ್ಕದ ಸಮೇತ ಪ್ರಕಟಿಸುತ್ತೇವೆ. ತಾಲೂಕಿನ ಬೇರೆ ಪಂಚಾಯತುಗಳ ಓದುಗರು ತಮ್ಮ ಊರಿನ ಯೋಜನೆಯ ವಿವರ ಬರೆದರೆ ಅದಕ್ಕೂ ಜಾಗ ಕೊಡುತ್ತೇವೆ.

– ಸಂ.